ಹಾಲಪ್ಪನವರ ಒಂಬತ್ತು ಸೆಕೆಂಡು

ಹಾಲಪ್ಪನವರಿಗೆ ಯಾರಾದರೂ ಸೀರೆ ತೋರಿಸಿ ಬಣ್ಣ ಹೇಗಿದೆ ಎಂದು ಕೇಳಿದರೆ ಅವರು ತಕ್ಷಣ ಬಾಯಿ ಬಿಡುವುದಿಲ್ಲ. ಸೆರಗು ಹಿಡಿದು ಮೊದಲು ಕಿಟಕಿಯ ಹತ್ತಿರ ಹೋಗುತ್ತಾರೆ, ಅಲ್ಲಿಂದ ಟ್ಯೂಬ್‌ಲೈಟಿನ ಕೆಳಗೆ ಬರುತ್ತಾರೆ, ಕೊನೆಗೆ ದೇವರ ಕೋಣೆಯ ಹಳದಿ ಬಲ್ಬಿನ ಮುಂದೆ ನಿಂತು, ಮೂರು ಬೆಳಕಿನಲ್ಲಿ ಕಂಡದ್ದನ್ನು ಮೂರು ಬೇರೆ ಬೇರೆ ವಾಕ್ಯಗಳಲ್ಲಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ಆ ಸೀರೆ ಉಟ್ಟುಕೊಂಡು ಒಂದು ಮದುವೆಗೆ ಹೋಗಿ ಊಟ ಮಾಡಿ ಬರಬಹುದು ಎಂಬುದು ಅವರ ಹೆಂಡತಿ ಸುಲೋಚನಾ ಅವರ ದೂರು. ವಡೋದರದ ಮಕರಪುರದಲ್ಲಿರುವ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಬಟ್ಟೆಯ ತುಣುಕುಗಳನ್ನು ಹೀಗೆಯೇ ಪರೀಕ್ಷಿಸುತ್ತ ಬಂದವರಿಗೆ, ಒಂದು ಬೆಳಕಿನಲ್ಲಿ ಅವಳಿಗಳಂತೆ ಕಾಣುವ ಎರಡು ನೀಲಿಗಳು ಇನ್ನೊಂದರಲ್ಲಿ ಅಪರಿಚಿತವಾಗಿಬಿಡುತ್ತವೆ ಎಂಬುದು ಬರೀ ರಸಾಯನಶಾಸ್ತ್ರವಲ್ಲ, ಜೀವನಕ್ರಮ.

ನಡಿಗೆಯೂ ವಿಚಿತ್ರವೇ. ಎಡಭುಜ ಮುಂದೆ ಮಾಡಿ ತುಸು ಓರೆಯಾಗಿ ನಡೆಯುತ್ತಾರೆ. ಕಾರ್ಖಾನೆಯ ಒದ್ದೆ ನೆಲದಲ್ಲಿ ಬಣ್ಣದ ಡಬ್ಬಗಳ ನಡುವೆ ನುಸುಳಿ ಬಂದ ಅಭ್ಯಾಸ ಅದು, ಆದರೆ ಮಂಜಲ್‌ಪುರದ ಅವರ ಬೀದಿಯವರು ಇವರು ಹಳೆಯ ಪೈಲ್ವಾನರೇ ಇರಬೇಕೆಂದು ತಿಳಿದಿದ್ದಾರೆ. ಆ ತಪ್ಪನ್ನು ಮಾತ್ರ ಹಾಲಪ್ಪನವರು ತಿದ್ದಲು ಹೋಗಿಲ್ಲ. ಉಳಿದೆಲ್ಲವನ್ನೂ ತಿದ್ದುತ್ತಾರೆ. ‘ಅಂದಾಜಿದ್ರೆ ಅಂದಾಜು ಅಂತ ಹೇಳ್ರಪ್ಪಾ’ ಎನ್ನುವುದು ಅವರ ಮಾತಿನ ನಡುನಡುವೆ ಬರುವ ಪಲ್ಲವಿ. ಐದು ನಿಮಿಷ ಎಂದ ಆಟೋದವನಿಗೂ, ಹಿಡಿಯಷ್ಟು ಅಕ್ಕಿ ಎಂದ ಹೆಂಡತಿಗೂ ಅದೇ.

ಇಂಥ ಮನುಷ್ಯ ಒಂದೇ ಒಂದು ಅಂಕಿಯನ್ನು ಅಳೆಯದೆ, ಪರೀಕ್ಷಿಸದೆ, ಹತ್ತಿಪ್ಪತ್ತು ಬಾರಿಯಲ್ಲ, ನೂರಾರು ಬಾರಿ ಹೇಳಿಕೊಂಡು ಬಂದಿದ್ದರು. ಅದು ಒಂಬತ್ತು ಸೆಕೆಂಡು.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಅವರು ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದಾಗ ಊರಿಗೆ ಫ್ರೀಸ್ಟೈಲ್ ಕುಸ್ತಿಯ ತಂಡವೊಂದು ಬಂದಿತ್ತು. ಅದರ ತಾರೆ ಸೂರತ್‌ನ ರಣಛೋಡ್, ಕಣದ ಹೆಸರು ಗರುಡ. ರಣ ಬಿಟ್ಟು ಹೋದ ಕೃಷ್ಣನ ಹೆಸರಿಟ್ಟುಕೊಂಡು ರಣಕ್ಕೇ ಇಳಿದ ಮನುಷ್ಯ. ಎದುರಾಳಿ ಮಹಾಕಾಯ ಎಂಬುವನು, ನೂರ ನಲವತ್ತು ಕಿಲೋ. ಅವನನ್ನು ಗರುಡ ತಲೆಯ ಮೇಲೆತ್ತಿ ಒಂಬತ್ತು ಸೆಕೆಂಡು ಹಿಡಿದಿದ್ದ ಎಂಬುದು ಹಾಲಪ್ಪನವರ ಸಾಕ್ಷ್ಯ. ಈ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಾಗಿರುತ್ತದಲ್ಲ ಎಂದು ಯಾರಾದರೂ ಕೊಂಕು ತೆಗೆದರೆ ಅವರು ಕನ್ನಡಕ ಸರಿಮಾಡಿಕೊಂಡು, ‘ಗೆಲುವು ಗೊತ್ತು ಮಾಡ್ಕಬಹುದಪ್ಪಾ. ನೂರ ನಲವತ್ತು ಕಿಲೋನ ಹೆಂಗೆ ಗೊತ್ತು ಮಾಡ್ಕಂತೀಯ?’ ಎನ್ನುತ್ತಿದ್ದರು.

ಅಹಮದಾಬಾದ್, ವಡೋದರ, ಸೂರತ್ ಮೂರೂ ಊರುಗಳಲ್ಲಿ ಚದುರಿರುವ ಹನ್ನೆರಡು ಮಂದಿ ಕನ್ನಡಿಗರು, ಬ್ಯಾಂಕಿನವರು, ರೈಲ್ವೆಯವರು, ವಿದ್ಯಾರ್ಥಿಗಳು, ಈ ಕುಸ್ತಿಯ ಹುಚ್ಚಿನಿಂದಲೇ ಒಂದು ಗುಂಪು ಕಟ್ಟಿಕೊಂಡಿದ್ದರು. ಈ ಸಲದ ರಾಜ್ಯೋತ್ಸವದಲ್ಲಿ ಪಂಜ ಕುಸ್ತಿಯ ಪಂದ್ಯ ಇಟ್ಟು ಗೆದ್ದವರಿಗೆ ಕಪ್ ಕೊಡುವುದೆಂದು ನಿಶ್ಚಯವಾಯಿತು. ಕಪ್ಪಿಗೆ ಯಾವ ಮಲ್ಲನ ಹೆಸರು ಎಂಬಲ್ಲಿ ಜಗಳ ಶುರುವಾಯಿತು. ಗರುಡ ತೀರಿಕೊಂಡು ಆಗ ಮೂರು ವರ್ಷ. ಸೂರತ್‌ನಲ್ಲೇ ಅವನ ಹೆಸರು ಹೇಳುವವರಿರಲಿಲ್ಲ. ಒಂದು ಕಪ್ಪಿನ ಮೇಲಾದರೂ ಅದು ಉಳಿಯಲಿ ಎಂದು ಹಾಲಪ್ಪನವರು ಪಟ್ಟು ಹಿಡಿದರು.

ಗುಂಪಿನ ಮುಖಂಡ ನಿತಿನ್, ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿರುವ ಬ್ಯಾಂಕ್ ಅಧಿಕಾರಿ, ಶಿವಮೊಗ್ಗದವರು, ನಲವತ್ತರ ಆಸುಪಾಸು. ಅವರ ಬಾಲ್ಯ ಕೇಬಲ್ ಟಿವಿಯದು, ಕುಸ್ತಿಪಟುಗಳ ಚಿತ್ರ, ಎತ್ತರ, ತೂಕ, ರ‍್ಯಾಂಕ್ ಅಚ್ಚುಹಾಕಿದ ಕಾರ್ಡುಗಳನ್ನು ಬೆಂಚಿನ ಕೆಳಗೆ ಆಡಿದ ಕಾಲದ್ದು.

‘ಹಾಲಪ್ಪ ಸರ್, ನಿಮ್ಮ ಗರುಡನ ಕಾರ್ಡಲ್ಲಿ ರ‍್ಯಾಂಕ್ ಅರವತ್ತೊಂದು. ಅದು ಬಂತು ಅಂದ್ರೆ ನಾವು ಅಳ್ತಿದ್ವಿ. ಟಿವೀಲಿ ಬೇರೆ, ಪ್ರತಿ ವಾರ ಬಂದು ಒದೆ ತಿಂದು ಹೋಗ್ತಿದ್ದ.’

ಹಾಲಪ್ಪನವರ ಮಗಳು ತನ್ವಿ, ವಡೋದರದಲ್ಲೇ ಹುಟ್ಟಿ ಬೆಳೆದು ಈಗ ಕಾಲೇಜಿನಲ್ಲಿರುವವಳು, ಗುಂಪಿನ ಅತಿ ಕಿರಿಯ ಸದಸ್ಯೆ. ಅವಳ ಮತ ಜ್ವಾಲಾ ಎಂಬ ಈಗಿನ ಕುಸ್ತಿಗಾರ್ತಿಗೆ. ಹಗ್ಗದ ತುದಿಯಿಂದ ಹಾರಿ ಗಾಳಿಯಲ್ಲೇ ಎರಡು ಸುತ್ತು ಹೊಡೆಯುವವಳು.

‘ಪಪ್ಪಾ, ಗರುಡ ಅಂದ್ರೆ ಹಗ್ಗದಿಂದ ಜಾರಿ ಬೀಳೋ ಆ ಅಂಕಲ್ ತಾನೆ? ನಮ್ ಕಾಲೇಜಲ್ಲಿ ಎಲ್ರ ಫೋನಲ್ಲೂ ಆ ಸ್ಟಿಕರ್ ಇದೆ. ಪೇಪರ್ ಟಫ್ ಇತ್ತು ಅಂದ್ರೆ ಅದನ್ನೇ ಕಳ್ಸೋದು.’

‘ಅದು ತೊಂಬತ್ತಾರರದ್ದಮ್ಮ. ಆಗ ಅವನಿಗೆ ನಲವತ್ತೊಂಬತ್ತು, ಎಡ ಮೊಣಕಾಲು ಹೋಗಿತ್ತು. ಇಸವಿ ಇಲ್ದೆ ಮಾತಾಡಬಾರ್ದು.’

‘ಓಕೆ, ಆದ್ರೆ ನಿಮ್ಮ ನೈನ್ ಸೆಕೆಂಡ್ಸ್‌ಗೆ ಪ್ರೂಫ್ ಎಲ್ಲಿ?’

ಮಗಳು ಕೇಳಿದ್ದು ನ್ಯಾಯವಾಗಿತ್ತು. ಹಾಲಪ್ಪನವರು ಹುಡುಕಿದರು. ತಂಡದ ಜೊತೆ ಊರೂರು ತಿರುಗಿ ಚಿತ್ರೀಕರಿಸಿದ್ದ ವೃದ್ಧರೊಬ್ಬರು ಸೂರತ್‌ನಲ್ಲಿದ್ದಾರೆಂದು ತಿಳಿದು, ನಾಲ್ಕು ತಿಂಗಳು ಬೆನ್ನುಬಿದ್ದು, ಕಡೆಗೆ ದಾವಣಗೆರೆಯ ಆ ಪಂದ್ಯದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಕಳಿಸುವಂತೆ ಮಾಡಿದರು. ‘ಲ್ಯೋ ಹಾಲಪ್ಪಭಾಯ್’, ತಗೊಳ್ಳಿ ಹಾಲಪ್ಪಣ್ಣ, ಎಂಬ ಒಕ್ಕಣೆಯೊಂದಿಗೆ ಅದು ಮತದಾನಕ್ಕೆ ಮೂರು ದಿನ ಮೊದಲು, ಗುರುವಾರ ಸಂಜೆ ಬಂತು.

ಕುಸ್ತಿ ನೋಡುವುದಕ್ಕೆ ಅವರದೊಂದು ವಿಧಾನವಿದೆ. ಪ್ರಯೋಗಾಲಯದ ಹಳೆಯ ಕೋಟು, ತೋಳಿನ ಮೇಲೆ ಎಂದೂ ಹೋಗದ ನೇರಳೆ ಕಲೆಯಿರುವುದು, ತೊಟ್ಟುಕೊಳ್ಳುತ್ತಾರೆ. ಸ್ಟಾಪ್‌ವಾಚ್ ಹಿಡಿಯುತ್ತಾರೆ. ಟಿವಿಯ ಧ್ವನಿಯನ್ನು ಪೂರ್ತಿ ಅಡಗಿಸುತ್ತಾರೆ, ಏಕೆಂದರೆ ಜನರ ಕೂಗು ಅಳತೆಯನ್ನು ಕೆಡಿಸುತ್ತದೆ. ಅಂದೂ ಹಾಗೆಯೇ ನೋಡಿದರು. ಗರುಡ ಮಹಾಕಾಯನ ಸೊಂಟಕ್ಕೆ ಕೈಹಾಕಿದ, ಎತ್ತಿದ, ಇಳಿಸಿದ. ಎರಡು ಪಾಯಿಂಟ್ ನಾಲ್ಕು ಸೆಕೆಂಡು. ಮತ್ತೆ ನೋಡಿದರು. ಹನ್ನೊಂದು ಬಾರಿ ನೋಡಿ ಸರಾಸರಿ ತೆಗೆದರು. ಅದೂ ಎರಡು ಪಾಯಿಂಟ್ ನಾಲ್ಕೇ. ಅಷ್ಟೇ ಅಲ್ಲ, ಎತ್ತುವ ಮೊದಲು ಮಹಾಕಾಯ ತಾನೇ ಒಂದಿಷ್ಟು ಜಿಗಿದು ಸಹಾಯ ಮಾಡಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಕೋಟಿನಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ಗಂಡನ ಮುಖ ನೋಡಿ ಸುಲೋಚನಾ ಒಲೆ ಸಣ್ಣ ಮಾಡಿದರು.

‘ಏನ್ರೀ, ಯಾರಿಗಾದ್ರೂ ಏನಾದ್ರೂ ಆಯ್ತಾ?’

‘ಎರಡು ಪಾಯಿಂಟ್ ನಾಲ್ಕೇ ಕಣೆ.’

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಮದುವೆಯಾದ ವಾರದಲ್ಲೇ ಅವರು ಆ ಒಂಬತ್ತು ಸೆಕೆಂಡಿನ ಕತೆ ಕೇಳಿದ್ದರು. ‘ಎತ್ತಿದ್ದಂತೂ ನಿಜ ತಾನೆ? ಬೇರೆ ಯಾರು ನೋಡಿದಾರೆ ಅದನ್ನ? ಸುಮ್ನಿದ್ದುಬಿಡಿ.’

‘ಬ್ಯಾಚ್ ಫೇಲಾದ್ರೆ ಫೇಲು ಅಂತನೇ ಬರೀಬೇಕು.’

‘ಇದೇನು ಬಣ್ಣದ ಪುಡೀನಾ? ಹಾಗಾದ್ರೆ ನಿಮ್ಮ ಗರುಡ ಸೋತ ಹಾಗೇ.’

‘ಸೋಲ್ಲಿ’ ಎಂದರು ಹಾಲಪ್ಪನವರು. ಆದರೆ ಆ ಸಂಜೆ ಚಪಾತಿ ಎರಡಕ್ಕೇ ಸಾಕು ಎಂದರು, ಅವರ ಲೆಕ್ಕ ಎಂದೂ ನಾಲ್ಕು.

ಭಾನುವಾರ ತಂದೆ ಮಗಳು ರೈಲು ಹಿಡಿದು ಅಹಮದಾಬಾದಿಗೆ ಹೋದರು. ದಾರಿಯಲ್ಲಿ ಅವರು ಕಿಟಕಿಯಾಚೆ ನೋಡುತ್ತ ಕುಳಿತಿದ್ದನ್ನು ಕಂಡು ತನ್ವಿ ಎರಡು ಸಲ ‘ತಬಿಯತ್ ಠೀಕ್ ಇದೆಯಾ ಪಪ್ಪಾ?’ ಎಂದಳು. ಬೋಪಾಲ್‌ನಲ್ಲಿ ನಿತಿನ್ ಅವರ ಮನೆಯ ಒಂಬತ್ತನೆಯ ಮಹಡಿಯಲ್ಲಿ ಚಿತ್ರಾನ್ನ, ಖಮಣ್, ಹನ್ನೆರಡು ಮಂದಿಯ ಗದ್ದಲ. ಹಾಲಪ್ಪನವರು ತಟ್ಟೆ ಮುಟ್ಟದೆ ಎದ್ದು ನಿಂತರು.

‘ನೋಡ್ರಪ್ಪಾ, ನಾನು ಇಷ್ಟು ವರ್ಷ ಹೇಳಿದ್ದು ತಪ್ಪು. ಒಂಬತ್ತಲ್ಲ, ಎರಡು ಪಾಯಿಂಟ್ ನಾಲ್ಕು. ಎದುರಿನವನೂ ಜಿಗಿದಿದ್ದಾನೆ. ನೋಡಿ ವೋಟು ಹಾಕಿ.’

ನಿತಿನ್ ಫೋನಿನಿಂದ ಟಿವಿಗೆ ಹಾಕಿದರು. ಧ್ವನಿ ಅಡಗಿಸಬೇಕೆಂದು ಅವರಿಗೇನು ಗೊತ್ತು? ಎಂಬತ್ತೇಳರ ದಾವಣಗೆರೆಯ ಹೈಸ್ಕೂಲ್ ಮೈದಾನ ಒಮ್ಮೆಲೇ ಆ ಹಾಲಿಗೆ ನುಗ್ಗಿತು. ಸಿಳ್ಳೆ, ಬೈಗುಳ, ‘ಹೊಡಿಯಲೇ ಅವನ್ನ’ ಎಂಬ ಬೊಬ್ಬೆ. ಗರುಡ ಮಹಾಕಾಯನ ಸೊಂಟಕ್ಕೆ ಕೈಹಾಕಿದ. ಇಡೀ ಮೈದಾನ ನಿಂತುಹೋಯಿತು. ಒಂದು ಕೆಮ್ಮು ಇಲ್ಲ. ಎತ್ತಿದ, ಹಿಡಿದ, ಇಳಿಸಿದ, ಆಗಲೂ ಸದ್ದಿಲ್ಲ. ಆಮೇಲೆ ಎಲ್ಲೋ ಒಬ್ಬ ಕಿರುಚಿದ, ಅದರ ಹಿಂದೆ ಸಾವಿರಾರು ಗಂಟಲು ಹರಿದವು.

‘ರಿವೈಂಡ್ ಮಾಡಿ ಅಂಕಲ್’ ಎಂದಳು ತನ್ವಿ. ಎರಡನೆಯ ಸಲ ಫೋನಿನಲ್ಲಿ ಆ ಮೌನವನ್ನು ಅಳೆದಳು. ‘ಪಪ್ಪಾ! ಆ ಸೈಲೆನ್ಸ್ ಇದೆಯಲ್ಲ, ಆಲ್ಮೋಸ್ಟ್ ನೈನ್!’

‘ಆಲ್ಮೋಸ್ಟ್ ಅಂದ್ರೆ?’

‘ಎಂಟು ಪಾಯಿಂಟ್ ಏಳು.’

ಹಾಲಪ್ಪನವರು ಕುಳಿತರು. ಹದಿನೇಳರ ವಯಸ್ಸಿನಲ್ಲಿ ತಾನು ಎಣಿಸಿದ್ದು ಗರುಡನ ತೋಳನ್ನಲ್ಲ, ತನ್ನದೇ ಹಿಡಿದ ಉಸಿರನ್ನು ಎಂದು ಅರಿಯುವುದಕ್ಕೆ ಅವರಿಗೆ ಧ್ವನಿ ಬೇಕಾಗಿತ್ತು. ಅದನ್ನೇ ಅವರು ಹನ್ನೊಂದು ಬಾರಿಯೂ ಅಡಗಿಸಿದ್ದರು.

‘ಸರ್, ನಮ್ಮ ಕಾಲದಲ್ಲಿ ಕಾಮೆಂಟ್ರಿಯವನು ಒಂದು ಸೆಕೆಂಡೂ ಬಾಯಿ ಮುಚ್ತಿರ್ಲಿಲ್ಲ’ ಎಂದರು ನಿತಿನ್. ‘ಇದು ನಮಗೆ ಸಿಗಲೇ ಇಲ್ಲ ನೋಡಿ. ಕಾರ್ಡಲ್ಲಿ ಇದಕ್ಕೆ ಕಾಲಂ ಎಲ್ಲಿತ್ತು?’

ಕೈ ಎತ್ತಿಸಿದರು. ಗರುಡನಿಗೆ ಏಳು, ಅದರಲ್ಲಿ ನಿತಿನ್ ಅವರದೂ ಒಂದು. ಉಳಿದವರಿಗೆಲ್ಲ ಸೇರಿ ಐದು. ತನ್ವಿಯ ಕೈ ಜ್ವಾಲಾಳಿಗೇ ಎದ್ದಿತ್ತು.

‘ಸೈಲೆನ್ಸ್ ಮಸ್ತ್ ಇದೆ ಪಪ್ಪಾ. ಆದ್ರೆ ಆ ಲಿಫ್ಟ್? ಸಾರಿ.’

ಹಾಲಪ್ಪನವರು ನಕ್ಕ ನಗುವಿನಲ್ಲಿ ಗೆಲುವಿಗಿಂತ ಹೆಚ್ಚಿನದೇನೋ ಇತ್ತು. ಮಗಳು ಕಂಡದ್ದಕ್ಕೆ ಮಾತ್ರ ಕೈ ಎತ್ತಿದ್ದಳು. ಕಪ್ಪಿನ ಮೇಲೆ ‘ಒಂಬತ್ತು ಸೆಕೆಂಡಿನ ವೀರ’ ಎಂದು ಕೆತ್ತಿಸೋಣವೆಂದು ಯಾರೋ ಉತ್ಸಾಹದಿಂದ ಹೇಳಿದಾಗ ಅವರು ಚಿತ್ರಾನ್ನದ ತಟ್ಟೆ ಕೆಳಗಿಟ್ಟು, ಬರೀ ಹೆಸರು ಮತ್ತು ಇಸವಿ ಸಾಕೆಂದರು, ಅದರ ಮೇಲೆ ಚರ್ಚೆಗೆ ಅವಕಾಶವನ್ನೇ ಕೊಡಲಿಲ್ಲ.

ಅಭಿಮಾನಿಗಳಲ್ಲಿ ಬಹುಮಂದಿ ತಮ್ಮ ವೀರನನ್ನು ವರ್ಷಕ್ಕಿಷ್ಟು ಎಂದು ಎತ್ತರ ಮಾಡುತ್ತ ಹೋಗುತ್ತಾರೆ. ಕಡೆಗೆ ಅವನು ಅವರಲ್ಲದೆ ಬೇರೆ ಯಾರೂ ನಂಬಲಾಗದಷ್ಟು ದೊಡ್ಡವನಾಗಿ, ಅವರೊಂದಿಗೇ ಮುಗಿದುಹೋಗುತ್ತಾನೆ. ಅಪರೂಪಕ್ಕೆ ಹಾಲಪ್ಪನವರಂಥವರು ಸಿಗುತ್ತಾರೆ. ಪ್ರೀತಿಸಿದ್ದನ್ನು ಅಳೆಯಲು ಅಂಜುವುದಿಲ್ಲ, ಅಳತೆ ಕಡಿಮೆ ಬಂತೆಂದು ಪ್ರೀತಿಯನ್ನು ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ. ಅವರ ಕೈಯಲ್ಲಿ ದಂತಕತೆಯ ತೂಕ ಕೊಂಚ ಇಳಿಯುತ್ತದೆ, ನಿಜ. ಇಳಿದದ್ದರಿಂದಲೇ ಮುಂದಿನವರು ಅದನ್ನು ಎತ್ತಿಕೊಳ್ಳಬಲ್ಲರು.