ಬದುಕಿರುವವರ ಹೆಸರು

ನನ್ನ ಗಂಡ ಮೆಂತೆಶ್ ದೊಡ್ಡ ಸುಳ್ಳುಗಾರ. ಅವನು ತೀರಿಹೋಗಿ ಒಂಬತ್ತು ವರ್ಷವಾಯಿತು, ಆದರೂ ಹೇಳುತ್ತೇನೆ. ಮೊನ್ನೆಯ ಮೀನು ತಂದು, ಈಗಷ್ಟೇ ಬಲೆಯಿಂದ ಬಿದ್ದದ್ದು ಎನ್ನುತ್ತಿದ್ದ. ಗ್ರೀಸಿನ ಈ ಸಾಲೊನಿಕಾ ಊರಿನ ಗಂಡಸರೇ ಹಾಗೆ, ಬಾಯಿ ಬಿಟ್ಟರೆ ಬೊಗಳೆ. ಈಗ ಮಾರುಕಟ್ಟೆಗೆ ನಾನೇ ಹೋಗುತ್ತೇನೆ. ತಾಜಾ ಮೀನೇ ತರುತ್ತೇನೆ. ರುಚಿಸುವುದಿಲ್ಲ.

ನಾನು ಅವನನ್ನು ಮೊದಲು ನೋಡಿದ್ದು ನಲವತ್ನಾಲ್ಕನೇ ಇಸವಿಯಲ್ಲಿ, ಜರ್ಮನಿಯ ಬವೇರಿಯಾದಲ್ಲಿ, ನಾಜಿಗಳ ಶಿಬಿರದಲ್ಲಿ. ಹಂಗೇರಿಯಿಂದ ಬಂದ ಯಹೂದಿ ಹೆಂಗಸರಲ್ಲಿ ನಮಗೆ ಕೆಲವರಿಗೆ ಅಡುಗೆಮನೆಯ ಕೆಲಸ. ಗ್ರೀಸಿನಿಂದ ಬಂದ ಯಹೂದಿ ಗಂಡಸರಿಗೆ ಸಿಮೆಂಟು ಹೊರುವ ಕೆಲಸ. ಮಧ್ಯಾಹ್ನ ಸೂಪಿನ ಹಂಡೆ ಒಯ್ಯಲು ಬರುವ ನಾಲ್ವರಲ್ಲಿ ಇವನೂ ಒಬ್ಬ. ಅವರ ಪಾಲನ್ನು ಅಲ್ಲೇ ಬಡಿಸಬೇಕಿತ್ತು. ಮೂವರಿಗೆ ಮೇಲಿನ ನೀರು ಹಾಕುತ್ತಿದ್ದೆ. ಇವನ ಬಟ್ಟಲು ಬಂದರೆ ಸೌಟು ತಾನಾಗಿ ತಳಕ್ಕಿಳಿದು ಆಲೂಗೆಡ್ಡೆಯ ಚೂರು ಹುಡುಕುತ್ತಿತ್ತು. ಇವಳ ಸೌಟಿಗೂ ಕಣ್ಣು ಬಂದಿದೆ ಎಂದು ಜೊತೆಯ ಹುಡುಗಿಯರು ಆಡಿಕೊಂಡರು. ಆಡಿಕೊಳ್ಳಲಿ. ಬೋಳು ತಲೆ, ಗೋಣಿಯಂಥ ಅಂಗಿ. ಆ ಸ್ಥಿತಿಯಲ್ಲೂ ನನ್ನನ್ನು ಹೆಣ್ಣೆಂದು ನೋಡಿದವನು ಅವನೊಬ್ಬನೇ. ಇಬ್ಬರಿಗೂ ಬರುತ್ತಿದ್ದದ್ದು ಮುರುಕು ಜರ್ಮನ್. ಅಷ್ಟೇ ಸಾಕಾಯಿತು.

ಅವನು ನನಗಿಂತ ಒಂದು ವರ್ಷ ಮೊದಲೇ ಪೋಲೆಂಡಿನ ಬಿರ್ಕೆನೌ ಶಿಬಿರ ಕಂಡಿದ್ದ. ಅದಕ್ಕೇ ಅವನನ್ನು ಕೇಳಿದೆ. ನಾವು ಅಲ್ಲಿ ರೈಲಿಳಿದಾಗ ನನ್ನನ್ನು ಬಲಕ್ಕೆ ಕಳಿಸಿದರು, ಅಮ್ಮನನ್ನು ಎಡಕ್ಕೆ. ಎಡಕ್ಕೆ ಹೋದವರು ಎಲ್ಲಿದ್ದಾರೆ? ಅಲ್ಲಿನ ಹೆಂಗಸರು ಹೆಣ ಸುಡುವ ಮನೆಯ ಚಿಮಣಿ ತೋರಿಸಿದ್ದರು. ನಾನು ನಂಬಿರಲಿಲ್ಲ. ಮೆಂತೆಶ್ ಹಂಡೆ ಕೆಳಗಿಟ್ಟ. ವಯಸ್ಸಾದ ಹೆಂಗಸರಿಗೆ ಬೇರೆ ಶಿಬಿರ ಇದೆ, ಬಟ್ಟೆ ಹೊಲಿಸುತ್ತಾರೆ, ಚಳಿ ಕಾಯಿಸಲು ಒಲೆ ಕೂಡ ಇದೆ ಎಂದ. ಅಮ್ಮನಿಗೆ ಹೊಲಿಗೆ ನೆಟ್ಟಗೆ ಬರುವುದಿಲ್ಲ ಎಂದೆ. ಹಾಗಾದರೆ ಅಂಗಿಯ ಗುಂಡಿ ಆರಿಸಲು ಕೂರಿಸಿರುತ್ತಾರೆ ಬಿಡು ಎಂದ, ತಾನೇ ಹೋಗಿ ಕೂರಿಸಿ ಬಂದವನ ಹಾಗೆ. ಆ ಮಾತನ್ನು ಬ್ರೆಡ್ಡಿನ ಜೊತೆ ದಿನವೂ ಅಗಿದೆ.

ಚಳಿಗಾಲದಲ್ಲಿ ನನಗೆ ಟೈಫಸ್ ಜ್ವರ ಬಂತು. ಬ್ರೆಡ್ಡು ಕೊಟ್ಟರೂ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದೆ. ಅವನು ಅಡುಗೆಮನೆಯವಳ ಕೈಲಿ ಒಂದೇ ಮಾತು ಹೇಳಿ ಕಳಿಸಿದ: “ಪಿರಿ, ನಾಳೆ ನಿನ್ನ ಅಮ್ಮ ಸಿಕ್ಕಿದ್ರೆ ನಾನೇನು ಹೇಳ್ಲಿ, ಮಗಳು ಕಾಯ್ಲಿಲ್ಲ ಅಂತಾನಾ?” ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎದ್ದು ತಿಂದೆ.

ಯುದ್ಧ ಮುಗಿದ ಮೇಲೆ ಮದುವೆಯಾಗಿ ಅವನ ಊರು ಸಾಲೊನಿಕಾಕ್ಕೆ ಬಂದೆವು. ನಾನು ಮಾತ್ರ ವಾರಕ್ಕೊಂದು ಕಾಗದ ಬರೆಯುತ್ತಿದ್ದೆ: ರೆಡ್ ಕ್ರಾಸಿಗೆ, ಹಂಗೇರಿಯ ನಮ್ಮೂರಿನ ನೆರೆಯವರಿಗೆ. ಅಮ್ಮ ಬಂದರೆ ಈ ವಿಳಾಸ ಕೊಡಿ ಎಂದು. ಮೆಂತೆಶ್ ಒಂದು ದಿನವೂ ಬೇಡ ಎನ್ನಲಿಲ್ಲ, ತಾನೇ ಅಂಚೆಗೆ ಹಾಕಿ ಬರುತ್ತಿದ್ದ.

ನಲವತ್ತೇಳರಲ್ಲಿ ಮಗಳು ಹುಟ್ಟಿದಳು. ಇಲ್ಲಿ ಹೆಣ್ಣುಮಗುವಿಗೆ ಹೆಸರಿಡುವ ದಿನ ಅದನ್ನು ದಿಂಬಿನ ಮೇಲೆ ಮಲಗಿಸಿ ಮಡಿಲಿಂದ ಮಡಿಲಿಗೆ ದಾಟಿಸುತ್ತಾರೆ. ಮೊದಲ ಮಡಿಲು ಅಜ್ಜಿಯದು. ನಮ್ಮ ಮನೆ ತುಂಬ ಜನ ಬಂದಿದ್ದರು, ಸಕ್ಕರೆ ಮೆತ್ತಿದ ಬಾದಾಮಿ ಹಂಚಿದ್ದೂ ಆಯಿತು. ಅಷ್ಟು ಜನರಲ್ಲಿ ಒಬ್ಬರ ತಲೆಯೂ ನರೆತಿರಲಿಲ್ಲ. ಯಾರ ಮನೆಯಲ್ಲೂ ಅಜ್ಜಿ ಉಳಿದಿರಲಿಲ್ಲ. ಕೊನೆಗೆ ಪಕ್ಕದ ಮನೆಯ ರೆಜಿನಾ, ನನ್ನದೇ ವಯಸ್ಸಿನವಳು, ಮೊದಲು ಎತ್ತಿಕೊಂಡಳು.

ಚೊಚ್ಚಲ ಮಗಳಿಗೆ ಗಂಡನ ತಾಯಿಯ ಹೆಸರು, ಅದು ಇವರ ಪದ್ಧತಿ. ಅವನ ತಾಯಿ ಓರೊ ಬಿರ್ಕೆನೌಗೆ ಒಯ್ಯುವ ರೈಲಿನಲ್ಲೇ ತೀರಿಹೋದಳೆಂದು ಅವನೇ ಹೇಳಿದ್ದ. ಮಗು ಓರೊ ಆಗಲಿ ಎಂದುಕೊಂಡಿದ್ದೆ. ಪ್ರಾರ್ಥನೆ ಹೇಳಿಸುವವನು ಹೆಸರೇನೆಂದು ಕೇಳಿದ. ಮೆಂತೆಶ್ ಎದೆಯುಬ್ಬಿಸಿ, “ಗಿಟೆಲ್” ಎಂದ.

ಗಿಟೆಲ್ ನನ್ನ ಅಮ್ಮ. ಹಂಗೇರಿಯ ನಮ್ಮ ಕಡೆ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ, ಇಟ್ಟರೆ ಅವರ ಆಯುಸ್ಸನ್ನೇ ಕಿತ್ತುಕೊಂಡಂತೆ. ಸತ್ತವರ ಹೆಸರನ್ನಷ್ಟೇ ಇಡುತ್ತೇವೆ. ನಾನು ಬಾಣಂತಿ ಎನ್ನುವುದನ್ನೂ ಮರೆತು ಎದ್ದು ನಿಂತೆ.

“ನಮ್ಮಮ್ಮನ್ನ ಮಣ್ಣು ಮಾಡಿಬಿಟ್ಟೆಯಾ?”

ಅವನು ಬೆಪ್ಪಾದ. ಸ್ವಂತ ತಾಯಿಯ ಸರದಿಯನ್ನು ನನ್ನ ತಾಯಿಗೆ ಬಿಟ್ಟುಕೊಟ್ಟಿದ್ದ ಪಾಪ, ನಾನು ಖುಷಿಯಾಗುತ್ತೇನೆಂದು. “ನಮ್ಮಲ್ಲಿ ಬದುಕಿರೋ ಅಜ್ಜಿ ಹೆಸರೇ ಇಡ್ತೀವಿ, ಪಿರಿ. ಅದು ಮರ್ಯಾದೆ,” ಎಂದ. ಹೌದು ಹೌದು, ನಮ್ಮಲ್ಲಿ ಹಾಗೇ ಎಂದು ರೆಜಿನಾ ದನಿಗೂಡಿಸಿದಳು.

ನಾನು ಅವನ ಕಡೆ ತಿರುಗಿದೆ. “ಹಾಗಾದ್ರೆ ಅಮ್ಮ ಇದಾಳೆ ಅಂತಲೇ ಇಟ್ಟೆ, ಅಲ್ವಾ? ನನ್ನ ಮುಖ ನೋಡಿ ಹೇಳು.”

ಹೂಂ ಎಂದಿದ್ದರೆ ಸಾಕಿತ್ತು. ಇಡೀ ಮನೆ ಅವನ ಪರವಾಗಿತ್ತು. ಮೂರು ವರ್ಷ ಎಳೆದ ಸುಳ್ಳು ಇನ್ನೂ ಮೂರು ವರ್ಷ ಬಾಳುತ್ತಿತ್ತು. ನಾನು ನಂಬುತ್ತಲೂ ಇದ್ದೆ. ಅವನು ಮಗುವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಇಲ್ಲ ಪಿರಿ. ನೀವು ರೈಲಿಳಿದ ದಿನವೇ. ನಮ್ಮಮ್ಮನೂ ಹಾಗೇ ಹೋದ್ಲು, ರೈಲಲ್ಲಿ ಅಲ್ಲ.”

ಬಂದವರಿಗೆಲ್ಲ ಇದು ಮೊದಲೇ ಗೊತ್ತಿತ್ತು. ಅಂದು ನನಗೆ ಅವನನ್ನು ಕೊಂದುಬಿಡುವಷ್ಟು ಕೋಪ ಬಂತು. ಅವನು ಆ ಸುಳ್ಳು ಹೇಳದಿದ್ದರೆ ಕೋಪಿಸಿಕೊಳ್ಳಲು ನಾನೇ ಇರುತ್ತಿರಲಿಲ್ಲ ಎನ್ನುವುದೂ ಗೊತ್ತಿತ್ತು. ಎರಡೂ ಒಟ್ಟಿಗೇ ಇದ್ದವು. ನಲವತ್ತು ವರ್ಷ ಒಟ್ಟಿಗೇ ಇದ್ದವು.

ಪ್ರಾರ್ಥನೆಯವನು, ಹೆಸರನ್ನು ಇನ್ನೊಂದು ದಿನ ನೋಡೋಣವೇ ಎಂದು ಮೆಲ್ಲಗೆ ಕೇಳಿದ.

“ಬೇಡ,” ಎಂದೆ. “ಈಗ ನಮ್ಮ ಪದ್ಧತಿಗೂ ಸರಿಹೋಗುತ್ತೆ. ಗಿಟೆಲ್ ಅಂತಲೇ ಇಡಿ.”