ಚಹಾದಂಗಡಿಯ ಬಲ್ಬೂ ನಾನೂ

ನಾನು ಒಂದು ಟ್ಯಾಬ್. ಅಂಗೈಗಿಂತ ತುಸು ದೊಡ್ಡವನು, ಮೈಗೆ ದಪ್ಪ ರಬ್ಬರಿನ ಅಂಗಿ ತೊಟ್ಟವನು. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಎತ್ತರದಿಂದ ಕಲ್ಲಿನ ಮೇಲೆ ಬೀಳಿಸಿದರು, ನೀರಿನಲ್ಲಿ ಅದ್ದಿದರು, ಕಾದ ಪೆಟ್ಟಿಗೆಯಲ್ಲಿಟ್ಟು ಬೇಯಿಸಿದರು. ಇಷ್ಟಾದರೂ ಸತ್ತಿಲ್ಲವಾ, ಹಾಗಾದರೆ ಕರೆಂಟ್ ಆಫೀಸಿಗೆ ಲಾಯಕ್ಕು ಎಂದು ಡಬ್ಬಿಗೆ ಹಾಕಿ ಕಳಿಸಿದರು. ಬಿದ್ದರೆ ಏನು, ನೆನೆದರೆ ಏನು ಎಂದೆಲ್ಲ ಕಲಿಸಿದ ಆ ಮಹಾನುಭಾವರು, ಮನುಷ್ಯರು ಸುಳ್ಳು ಹೇಳಿದರೆ ಏನು ಮಾಡಬೇಕೆಂದು ಮಾತ್ರ ಕಲಿಸಲಿಲ್ಲ.

ನನ್ನ ಡಬ್ಬಿ ಬಿಚ್ಚಿದ್ದು ಒಂದು ನೇಕಾರರ ಊರಿನಲ್ಲಿ, ಅದೂ ಆಯುಧಪೂಜೆಯ ದಿನ. ಏಣಿ, ಇಕ್ಕಳ, ಹಗ್ಗಗಳ ಸಾಲಿನಲ್ಲಿ ನನ್ನನ್ನೂ ಕೂಡಿಸಿ ವಿಭೂತಿ ಬಳಿದರು, ಕುಂಕುಮ ಇಟ್ಟರು. ಎಲ್ಲಿಟ್ಟರು ಅಂತೀರಿ? ಸರಿಯಾಗಿ ನನ್ನ ಕ್ಯಾಮೆರಾದ ಮೇಲೆ! ಅಷ್ಟು ಸಾಲದೆಂದು ಇನ್ನೊಬ್ಬ ಪುಣ್ಯಾತ್ಮ ಚಾರ್ಜರಿನ ತೂತಿಗೆ ಚೆಂಡುಹೂವಿನ ದೇಟು ಸಿಕ್ಕಿಸಿದ. ಒಂದು ವಾರ ನನಗೆ ಜಗತ್ತೆಲ್ಲ ಕೆಂಪಾಗಿಯೇ ಕಂಡಿತು.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಯಾರ ಮನೆಯಲ್ಲಿ ಕರೆಂಟು ಹೋದರೂ ಅವರ ದೂರು ನನ್ನಲ್ಲಿಗೆ ಬಂದು ಕುಂಯ್ ಎನ್ನುತ್ತದೆ. ಆ ಗಳಿಗೆಯಿಂದ ನನ್ನೊಳಗೆ ಗಡಿಯಾರ ಓಡುತ್ತದೆ. ರಿಪೇರಿಯಾದ ಮೇಲೆ ಉರಿಯುವ ದೀಪದ ಫೋಟೋ ತೆಗೆದು, ಎಡಮೂಲೆಯ ಹಸಿರು ಗುಂಡಿ ಒತ್ತಬೇಕು. ಗುಂಡಿಯ ಮೇಲೆ 'ಮುಗಿದಿದೆ' ಎಂದು ಬರೆದಿದೆ. ನಾನು ಕಂಡದ್ದೆಲ್ಲ ಆಗಿಂದಾಗಲೇ ಜಿಲ್ಲಾ ಕಚೇರಿಗೆ ಹೋಗುತ್ತದೆ. ಅಲ್ಲಿ ಗೋಡೆಯಷ್ಟಗಲದ ಪರದೆ, ಓಣಿಗೊಂದು ಬಣ್ಣ. ಬೇಗ ಮುಗಿದರೆ ಹಸಿರು, ತಡವಾದರೆ ಕೆಂಪು. ಆ ಬಣ್ಣಗಳನ್ನೆಲ್ಲ ಕೂಡಿ ಕಳೆದು, ಯಾವ ಓಣಿಗೆ ಹೊಸ ತಂತಿ, ಯಾವ ಓಣಿಗೆ ಹೊಸ ಟ್ರಾನ್ಸ್‌ಫಾರ್ಮರ್ ಎಂದು ಕಂಪ್ಯೂಟರೇ ತೀರ್ಮಾನಿಸುತ್ತದೆ.

ಟ್ರಾನ್ಸ್‌ಫಾರ್ಮರಿಗೆ ಈ ಕಡೆಯವರು ಟಿಸಿ ಎನ್ನುತ್ತಾರೆ. ನೇಕಾರ ಓಣಿಯ ಟಿಸಿ ಮುದಿಯಾಗಿತ್ತು. ಓಣಿಯಲ್ಲಿ ಕರೆಂಟಿನ ಮಗ್ಗಗಳು ಹೆಚ್ಚಾದವು, ಅದು ಮಾತ್ರ ಇದ್ದಷ್ಟೇ ಇತ್ತು. ಬೆಳಿಗ್ಗೆ ಎಲ್ಲ ಮಗ್ಗ ಒಟ್ಟಿಗೆ ಚಾಲೂ ಆದರೆ ಸಾಕು, ಮೈಯೆಲ್ಲ ಎಣ್ಣೆ ಸುರಿಸಿಕೊಂಡು ಗೊರಗೊರ ಎಂದು ಫ್ಯೂಸು ಸುಟ್ಟುಕೊಂಡು ಕೂರುತ್ತಿತ್ತು. ಅದರ ಕೆಳಗೇ ನೀಲವ್ವನ ಮನೆ. ನೀಲವ್ವನಿಗೆ ಎರಡು ಮಗ್ಗ, ಒಂದು ಗಂಟಲು. ಗಂಟಲು ಮಗ್ಗಕ್ಕಿಂತ ಜೋರು.

ನನ್ನನ್ನು ಒಪ್ಪಿಸಿದ್ದು ದ್ಯಾಮಣ್ಣನಿಗೆ. ನೇಕಾರ ಓಣಿಯ ಕಂಬ ಹತ್ತುವ ಪವರ್‌ಮ್ಯಾನ್ ಅವನೇ. ಕೆಟ್ಟವನೇ? ಖಂಡಿತ ಅಲ್ಲ. ಆ ಟಿಸಿ ಬದಲಿಸಿ ಎಂದು ಪ್ರತಿ ಮೀಟಿಂಗಿನಲ್ಲೂ ಕೈಮುಗಿದು ಕೇಳಿದವನು ಅವನೇ. ಮೊದಮೊದಲು ನನ್ನನ್ನೂ ನಿಯತ್ತಿನಿಂದ ನಡೆಸಿಕೊಂಡ. ಹೋಗುತ್ತಿದ್ದ, ಹತ್ತುತ್ತಿದ್ದ, ಕಟ್ಟುತ್ತಿದ್ದ, ಇಳಿದು ಬಂದು ನೀಲವ್ವನ ಮನೆಯ ದೀಪದ ಫೋಟೋ ತೆಗೆದು ಗುಂಡಿ ಒತ್ತುತ್ತಿದ್ದ. ಅಷ್ಟರಲ್ಲಿ ಓಣಿ ಕೆಂಪಾಗಿರುತ್ತಿತ್ತು. ಹಳೇ ಟಿಸಿಯ ಕೆಲಸ ಹಪ್ಪಳ ಕರಿದಷ್ಟು ಬೇಗ ಆಗುತ್ತದೆಯೇ?

ಒಂದು ದಿನ ಅವನು ಏಣಿಯ ತುದಿಯಲ್ಲಿದ್ದಾಗ ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರ ಫೋನು.

"ದ್ಯಾಮಣ್ಣ, ನಿಮ್ಮ ಓಣಿ ಕೆಂಪಗ ಕಾಣಾಕತ್ತೈತಲ್ರೀ, ಯಾಕ?"

"ಕಂಬದ ಮ್ಯಾಲ ಅದೇನ್ರೀ ಸಾಹೇಬ್ರ."

"ಕಂಬದ ಮ್ಯಾಲರ ಇರ್ರಿ, ಎಲ್ಲೆರ ಇರ್ರಿ. ಮೊದಲ ಆ ಕೆಂಪ ತಗೀರಿ!"

ಅಲ್ಲ ಸ್ವಾಮಿ, ಒಂದು ಕೈಯಲ್ಲಿ ತಂತಿ, ಒಂದು ಕೈಯಲ್ಲಿ ಫೋನು ಹಿಡಿದವನು ಗೋಡೆಯ ಬಣ್ಣವನ್ನು ಯಾವ ಕೈಯಿಂದ ತೆಗೆಯಬೇಕು? ದ್ಯಾಮಣ್ಣ ಇಳಿದುಬಂದು ನನ್ನನ್ನು ದುರುಗುಟ್ಟಿ ನೋಡಿದ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಆಮೇಲೆ ಸ್ಟೇಶನ್ ರಸ್ತೆಯ ಬಸಲಿಂಗನ ಚಹಾದಂಗಡಿಗೆ ಹೋಗಿ ಕೂತ. ಅಲ್ಲಿ ಒಲೆಯ ಮೇಲೆ ಒಂದು ಬಲ್ಬು ತೂಗುತ್ತಿತ್ತು. ಮಸಿ ಹಿಡಿದ, ಒಂದು ಹಲ್ಲಿ ಕಾಯಂ ವಾಸವಿದ್ದ ಬಲ್ಬು. ಆ ರಸ್ತೆಯ ಟಿಸಿ ಬೇರೆ, ಹೊಸದು. ಹಾಗಾಗಿ ಬಲ್ಬು ಯಾವ ಕಾಲಕ್ಕೂ ಉರಿಯುತ್ತಿತ್ತು. ದ್ಯಾಮಣ್ಣ ಬಲ್ಬನ್ನು ನೋಡಿದ, ನನ್ನನ್ನು ನೋಡಿದ, ಮೀಸೆಯಲ್ಲೇ ನಕ್ಕ.

ಅಂದಿನಿಂದ ನನ್ನ ಬಾಳು ಮೂರಾಬಟ್ಟೆ. ದೂರು ಕುಂಯ್ ಎಂದರೆ ಸಾಕು, ಬಸಲಿಂಗನ ಬಲ್ಬಿನ ಫೋಟೋ, ಹಸಿರು ಗುಂಡಿ, ಮುಗಿದಿದೆ! ಆಮೇಲೆ ಚಹಾ. ಆಮೇಲೆ ಏಣಿ ಹೊತ್ತು ನೇಕಾರ ಓಣಿಗೆ. ಕೆಲಸವನ್ನೇನೂ ತಪ್ಪಿಸಲಿಲ್ಲ ಬಿಡಿ, ಆದರೆ ಗೋಡೆಯ ಲೆಕ್ಕದಲ್ಲಿ ಅವನು ಕಂಬ ಹತ್ತುವ ಮೊದಲೇ ಇಳಿದಿರುತ್ತಿದ್ದ.

ನಾನು ಸುಮ್ಮನಿದ್ದೆನೇ? ಪ್ರತಿ ಫೋಟೋದ ಕೆಳಗೂ ಅದನ್ನು ತೆಗೆದ ಜಾಗ ಬರೆದೆ: ಸ್ಟೇಶನ್ ರಸ್ತೆ, ಚಹಾದಂಗಡಿ. ಮತ್ತೆ ಸ್ಟೇಶನ್ ರಸ್ತೆ, ಚಹಾದಂಗಡಿ. ಅದೇ ಬಲ್ಬು, ಅದೇ ಹಲ್ಲಿ! ನಡುವೆ ಹಲ್ಲಿಯ ಬಾಲ ಉದುರಿ ಮತ್ತೆ ಬೆಳೆಯಿತು, ಅದೂ ಫೋಟೋದಲ್ಲಿ ಬಂತು. ಜಿಲ್ಲಾ ಕಚೇರಿಯಲ್ಲಿ ಒಬ್ಬರಾದರೂ ಒಂದೇ ಒಂದು ಫೋಟೋ ತೆರೆದು ನೋಡಬಾರದೇ? ಫೋಟೋ ಇದೆಯೋ ಇಲ್ಲವೋ ಎಂದು ಎಣಿಸಿದರು, ಅಷ್ಟೇ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಪಾಡು.

ಇತ್ತ ನೀಲವ್ವನ ಕಷ್ಟ ಹೆಚ್ಚಾಗುತ್ತ ಹೋಯಿತು. ಮಗ್ಗ ಓಡುವಾಗ ಗಕ್ಕನೆ ಕರೆಂಟು ಹೋದರೆ ಹಾಸಿನ ಎಳೆಗಳು ಪಟಪಟ ಹರಿಯುತ್ತವೆ. ಒಂದೊಂದನ್ನೇ ಹುಡುಕಿ ಗಂಟು ಹಾಕಬೇಕು. ಸೀರೆ ಕೊಳ್ಳುವ ಸಾಹುಕಾರ ಗಂಟಾದದ್ದನ್ನು ಮುಟ್ಟುವುದಿಲ್ಲ. ಗುಜರಿ ಅಂಗಡಿಯ ಮೆಹಬೂಬಸಾಬ ಆಗಲೇ ಒಮ್ಮೆ ಬಂದು ಅವಳ ಮಗ್ಗಗಳ ಕಬ್ಬಿಣವನ್ನು ತಟ್ಟಿ ನೋಡಿ ಹೋಗಿದ್ದ. ಆ ಓಣಿಯ ಎಷ್ಟೋ ಮಗ್ಗಗಳು ಹಾಗೇ ತೂಕಕ್ಕೆ ಹೋಗಿದ್ದವು.

"ಏ ದ್ಯಾಮಣ್ಣ, ಹೊಸಾ ಟಿಸಿ ಯಾವಾಗ ತರ್ತಿ? ನನ್ನ ಹೆಣಾ ಹೋದಮ್ಯಾಲ?"

"ಈ ಸರತಿ ಬರತೈತಿ ಬೇ ಯಕ್ಕಾ. ಕಂಪ್ಯೂಟರ್ ಲೆಕ್ಕಾ ಮಾಡಾಕತ್ತೈತಿ."

ಮಾಡಿತು, ಮಾಡದೇ ಏನು! ಒಂದು ದಿನ ಜಿಲ್ಲಾ ಕಚೇರಿಯಲ್ಲಿ ಸಭೆ. ದ್ಯಾಮಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನನ್ನು ಬಗಲಲ್ಲಿಟ್ಟುಕೊಂಡು ಹೋದ. ಜಿಲ್ಲೆಯಲ್ಲೇ ಎಲ್ಲಕ್ಕಿಂತ ಹಸಿರಾದ ಓಣಿ ನೇಕಾರ ಓಣಿಯಂತೆ. ದೊಡ್ಡ ಸಾಹೇಬರು ಅವನಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು. ದ್ಯಾಮಣ್ಣ ಉಬ್ಬಿಹೋದ. ಆಮೇಲೆ ಸಾಹೇಬರು, ಈ ಸಲ ಬಂದಿರುವ ಹೊಸ ಟಿಸಿಗಳು ಯಾವ್ಯಾವ ಓಣಿಗೆ ಎಂದು ಓದತೊಡಗಿದರು. ಕುಂಬಾರ ಓಣಿ, ಹಳೇಪೇಟೆ, ಕೆರೆದಂಡೆ... ಓದಿ ಮುಗಿಯಿತು. ನೇಕಾರ ಓಣಿ ಬರಲಿಲ್ಲ.

ದ್ಯಾಮಣ್ಣ ಶಾಲಿನ ಸಮೇತ ಎದ್ದು ನಿಂತ. "ಸಾಹೇಬ್ರ, ನಮ್ಮ ನೇಕಾರ ಓಣಿ ಟಿಸಿ..."

"ನಿಮಗ್ಯಾಕ್ರೀ ಹೊಸಾದು?" ಸಾಹೇಬರು ನಕ್ಕರು. "ಅಲ್ಲಿ ತ್ರಾಸನ ಇಲ್ಲಲ್ಲ! ಯಾವ ದೂರು ಬಂದ್ರೂ ಚಹಾ ಕುಡಿಯೂದ್ರಾಗ ಮುಗಿಸ್ತೀರಿ. ಲೆಕ್ಕಾನ ಹೇಳತೈತಿ."

ಚಹಾ ಎಂಬ ಮಾತು ಕೇಳಿ ಅವನು ನನ್ನನ್ನು ಬಗಲಲ್ಲಿ ಇನ್ನಷ್ಟು ಒಳಗೆ ಒತ್ತಿಕೊಂಡ. ನನಗೋ, ನನ್ನನ್ನೇ ತೆಗೆದುಕೊಂಡು ತಲೆ ಚಚ್ಚಿಕೊಳ್ಳಬೇಕೆನಿಸಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೇನೋ ಹಳೆಯದು. ಇವನು ನೀಲವ್ವನನ್ನೂ ಕಟ್ಟಿಕೊಂಡು ಬಿದ್ದಿದ್ದ. ಹೇಳು ಮಾರಾಯ, ನನ್ನನ್ನು ತೆರೆದು ಹಲ್ಲಿಯನ್ನಾದರೂ ತೋರಿಸು ಎಂದು ಒಳಗೇ ಒದ್ದಾಡಿದೆ. ಹೆಗಲ ಮೇಲೆ ಶಾಲು ಇತ್ತಲ್ಲ, ಅದನ್ನು ಸರಿಮಾಡಿಕೊಂಡ. ಕೂತುಬಿಟ್ಟ.

ಊರಿಗೆ ಬಂದರೆ ನೀಲವ್ವ ಬಾಗಿಲಲ್ಲೇ ನಿಂತಿದ್ದಳು. ಶಾಲು ನೋಡಿ, "ಯಾವ ಘನಕಾರ್ಯಕ್ಕ ಹೊಚ್ಯಾರೋ ಇದನ್ನ?" ಎಂದಳು.

ಅವನು ಹಣ್ಣಿನ ಬುಟ್ಟಿ ಕೆಳಗಿಟ್ಟ. "ಯಕ್ಕಾ, ಟಿಸಿ ಬರಂಗಿಲ್ಲ. ನಾನ ಕಳದೇನಿ ಅದನ್ನ." ಬಲ್ಬು, ಗುಂಡಿ, ಚಹಾ, ಎಲ್ಲ ಹೇಳಿದ. ಅವಳು ಕೂಗಾಡುತ್ತಾಳೆ ಎಂದು ಕಾದೆ. ಕೂಗಲಿಲ್ಲ. ಆ ಗಂಟಲು ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು, ಕೇಳಬಾರದಿತ್ತು ಎನ್ನಿಸಿತು.

"ಬರೂ ಅಮಾಸಿ ತನಕ ನೋಡ್ತೇನಿ. ಆಗಲಿಲ್ಲಂದ್ರ ಮಗ್ಗ ಎರಡೂ ಮೆಹಬೂಬಸಾಬಗ. ಮಾತ ಕೊಟ್ಟೇನಿ ಅಂವಗ. ನೀ ಇನ್ಮ್ಯಾಲ ಆ ಹಾಳ ಗುಂಡಿ ಖರೇ ಮುಗಿದಾಗಷ್ಟ ಒತ್ತು."

ಅಂದಿನಿಂದ ದ್ಯಾಮಣ್ಣ ಖರೇ ಮುಗಿದಾಗಷ್ಟೇ ಒತ್ತಿದ. ನೇಕಾರ ಓಣಿ ಗೋಡೆಯ ಮೇಲೆ ಧಗಧಗ ಕೆಂಪಾಯಿತು. ಫೋನಿಗೆ, ಬೈಗುಳಕ್ಕೆ ಅವನು ಜಗ್ಗಲಿಲ್ಲ. ಅಂತೂ ನನ್ನ ಬಾಯಿಂದ ಸತ್ಯ ಹೊರಟಿತು, ಇನ್ನಾದರೂ ಯಾರಾದರೂ ಓಡಿ ಬರುತ್ತಾರೆ ಎಂದು ನಾನು ಹಿಗ್ಗಿದೆ.

ಬಂತು, ಆದೇಶ ಬಂತು! ಅಷ್ಟು ಹಸಿರಾಗಿದ್ದ ಓಣಿ ಏಕಾಏಕಿ ಕೆಂಪಾಗುವುದು ಅಸಾಧ್ಯವಂತೆ. ಕಂಪ್ಯೂಟರ್ ಲೆಕ್ಕ ಹಾಕಿ ಹೇಳಿತು: ಟಿಸಿ ಸರಿಯಿದೆ, ಟ್ಯಾಬ್ ಕೆಟ್ಟಿದೆ. ಕೇಳಿದಿರಾ? ಸುಳ್ಳು ಹೇಳಿದಷ್ಟು ದಿನ ನಾನು ಜಿಲ್ಲೆಗೇ ಮಾದರಿ, ಸತ್ಯ ಹೇಳಿದ ಕೂಡಲೇ ನನಗೇ ರೋಗ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲವನ್ನೇ ಕಿತ್ತು ಎಸೆದರು. ದ್ಯಾಮಣ್ಣ ಎಷ್ಟು ಹೇಳಿದರೂ ಕೇಳದೆ, ಹರಾಜಾಗಿ ಆಫೀಸಿನ ಬಾಗಿಲ ಬಳಿ ಬಿದ್ದಿದ್ದ ಹಳೇ ಮೀಟರುಗಳ ಚೀಲಕ್ಕೆ ನನ್ನನ್ನು ತುರುಕಿದರು. ಮರುದಿನ ಟೆಂಪೋ ಬಂತು, ಚೀಲ ಎತ್ತಿತು. ಇಳಿಸಿದ್ದು ಬೇರೆಲ್ಲೂ ಅಲ್ಲ, ಮೆಹಬೂಬಸಾಬನ ಗುಜರಿಯಲ್ಲಿ.

ಇಲ್ಲೇ ತಗಡಿನ ಕೆಳಗೆ ಬಿದ್ದಿದ್ದೇನೆ. ಬ್ಯಾಟರಿ ಸತ್ತು ಪರದೆ ಕಪ್ಪಾಗಿದೆ. ಕಪ್ಪಾದದ್ದು ನಿಮಗೆ, ನನಗಲ್ಲ. ಪಕ್ಕದಲ್ಲಿ ನೇಕಾರ ಓಣಿಯದೇ ಮುರಿದ ಮಗ್ಗಗಳ ರಾಶಿ. ಟೆಂಪೋ ಗೇಟಿಗೆ ಬಂದಾಗಲೆಲ್ಲ ನೀಲವ್ವನ ಮಗ್ಗ ಇದೆಯೇನೋ ಎಂದು ಎದೆ ಧಸಕ್ಕೆನ್ನುತ್ತಿತ್ತು.

ಅಮಾವಾಸ್ಯೆ ಬಂತು. ಮೆಹಬೂಬಸಾಬ ಬೆಳಿಗ್ಗೆಯೇ ಟೆಂಪೋ ತೆಗೆದುಕೊಂಡು, ಹಗ್ಗ ಹಾಕಿಕೊಂಡು ಹೋದ. ಎಲ್ಲಿಗೆಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಟೆಂಪೋ ವಾಪಸು ಬಂತು. ಖಾಲಿ! ಹಗ್ಗ ಹೇಗೆ ಹೋಗಿತ್ತೋ ಹಾಗೇ ಸುತ್ತಿಕೊಂಡಿತ್ತು. ಮುಂದಿನ ಸೀಟಿನಿಂದ ದ್ಯಾಮಣ್ಣ ಇಳಿದ. ನನ್ನನ್ನು ಹುಡುಕಲು ಬಂದಿದ್ದನಂತೆ. ಎಸೆದವರೇ ಈಗ ಟ್ಯಾಬ್ ಎಲ್ಲಿ ಎಂದು ಅವನ ಜೀವ ತಿನ್ನುತ್ತಿದ್ದಾರಂತೆ. ಇವರ ಮನೆ ಹಾಳಾಗ!

"ಡೀಸೆಲ್ ದಂಡ ಆತಲ್ಲೋ ದ್ಯಾಮಣ್ಣ," ಮೆಹಬೂಬಸಾಬ ಗೊಣಗಿದ. "ಹೊಸಾ ಟಿಸಿ ಹೆಂಗ ಬಂತು ಅದು? ಇಲ್ಲ ಅಂದಿದ್ರಲ್ಲ?"

"ಟ್ಯಾಬ್ ಹೋತಲ್ರೀ, ನಮ್ಮ ಓಣಿ ಗ್ವಾಡಿ ಮ್ಯಾಲೆ ಹಸರೂ ಇಲ್ಲ, ಕೆಂಪೂ ಇಲ್ಲ, ಬೂದಿ ಬಣ್ಣ ಆತು. ದೊಡ್ಡ ಸಾಹೇಬ್ರಿಗೆ ತಡಕೊಳ್ಳಾಕ ಆಗಲಿಲ್ಲ. ಏನೈತಿ ಅಲ್ಲಿ ಅಂತ ತಾವ ನೋಡಾಕ ಬಂದ್ರು. ಟಿಸಿ ಬುಡಕ ನಿಂತ್ರು, ಬಿಳೀ ಅಂಗಿ ಮ್ಯಾಲ ತಟಕ್ ಅಂತ ಎಣ್ಣಿ ಬಿತ್ತು. ಅಷ್ಟರಾಗ ಕರೆಂಟೂ ಹೋತು. ನೀಲಕ್ಕ ಬಿಡ್ತಾಳೇನ್ರೀ? ಕೈ ಹಿಡದು ಒಳಗ ಕರಕೊಂಡ ಹೋಗಿ ಮಗ್ಗದ ಬಾಜೂ ಕುಂದರಿಸಿದ್ಲು. 'ಕರೆಂಟ್ ಬರೂತನಕ ಏಳೂಹಂಗಿಲ್ಲ, ಹರದ ಎಳಿ ಹುಡಕಿ ಕೊಡ್ರಿ' ಅಂದ್ಲು. ನಾ ಕಂಬಾ ಹತ್ತಿ ಇಳಿಯೂತನಕ ಸಾಹೇಬ್ರು ಎಳಿ ಹುಡಕಿದ್ರು. ಎದ್ದವರ ಟಿಸಿ ಇಡೂ ಸ್ಟೋರಿಗೆ ಫೋನ್ ಮಾಡಿದ್ರು. ಇವತ್ತ ಮುಂಜಾನೆ ಕಂಬಕ್ಕ ಹೊಸಾದು ಏರಿಸಿದ್ವಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಬೇಕಾಗಿತ್ತು ಇವರಿಗೆ, ಗೋಡೆಯಷ್ಟು ದೊಡ್ಡದು! ನಾನು ಅಷ್ಟು ದಿನ ಲೆಕ್ಕ ಕಳಿಸಿ ಕಳಿಸಿ ಸೋತೆ. ಕೊನೆಗೆ ಕೆಲಸಕ್ಕೆ ಬಂದದ್ದು ನಾನು ಇಲ್ಲದೇ ಹೋದದ್ದು. ನಗಬೇಕೋ ಅಳಬೇಕೋ ಹೇಳಿ. ಆದರೂ ನೀಲವ್ವನ ಮಗ್ಗ ಇಲ್ಲಿಗೆ ಬರಲಿಲ್ಲವಲ್ಲ ಎಂದು ನೆನೆದಾಗ ಸಿಟ್ಟೆಲ್ಲ ಎಲ್ಲೋ ಇಳಿದುಹೋಗುತ್ತದೆ.

ದ್ಯಾಮಣ್ಣ ತಗಡು ಸರಿಸಿ ನನ್ನನ್ನು ಎತ್ತಿಕೊಂಡ. ಅಂಗಿಯ ತುದಿಯಿಂದ ಮುಖ ಒರೆಸಿದ. ಆಯುಧಪೂಜೆಯ ಕುಂಕುಮ ಇನ್ನೂ ಸಂದಿಯಲ್ಲಿತ್ತು, ಅದನ್ನೂ ಉಗುರಿನಿಂದ ಕೆರೆದ. ಚಾಲೂ ಮಾಡಲು ನೋಡಿದ, ಆಗಲಿಲ್ಲ. "ಸತ್ತೈತ್ರೀ ಇದು. ಹಂಗ ಹೇಳ್ತೇನಿ ಅವರಿಗೆ, ಇರಲಿ ಬಿಡ್ರಿ ಇಲ್ಲೇ," ಎಂದ. ಆದರೆ ಕೆಳಗಿಡುವ ಮೊದಲು ಅವನ ಹೆಬ್ಬೆರಳು ತಾನಾಗಿಯೇ ನನ್ನ ಎಡಮೂಲೆಗೆ ಹೋಯಿತು. ಹಸಿರು ಗುಂಡಿ ಇದ್ದ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿತು.

ಅಷ್ಟು ಸುಳ್ಳುಗಳನ್ನು ತಪ್ಪದೆ ಬರೆದುಕೊಂಡವನು ನಾನು. ನೇಕಾರ ಓಣಿಯ ಕೆಲಸ ನಿಜವಾಗಿಯೂ ಮುಗಿದ ಆ ಒಂದು ದಿನ, ಬರೆದುಕೊಳ್ಳಲು ನನ್ನಲ್ಲಿ ಜೀವವಿರಲಿಲ್ಲ.