ಕೆಂಚನ ತಟ್ಟೆ

ಗುಬ್ಬಿಯಿಂದ ಸ್ವಲ್ಪ ಆಚೆಗಿರುವ ತೋಟದ ಮನೆಯಲ್ಲಿ ಕೆಂಚ ಬೊಗಳುವ ದನಿ ಅವತ್ತು ಬೇರೆಯಾಗಿತ್ತು. ಮುದ್ದೆ ತಿರುವುತ್ತಿದ್ದ ಹನುಮಕ್ಕ ಕೋಲು ಹಿಡಿದುಕೊಂಡೇ ಹಿಂಬಾಗಿಲಿಗೆ ಬಂದಳು. ಸುಲಿದ ತೆಂಗಿನ ಮಟ್ಟೆಯ ರಾಶಿಯ ಮುಂದೆ ನಾಗರಹಾವು ಹೆಡೆ ಎತ್ತಿತ್ತು. ಅದರೆದುರು, ಮೂಗು ಚಾಚಿಕೊಂಡು, ಕೆಂಚ.

“ಕೆಂಚಾ, ಬಾರೋ!” ಸೊಸೆ ಪ್ರಮೀಳಾ ಕಿರುಚಿದಳು. ಅವನ ಕಿವಿಗೆ ಬೀಳಲೇ ಇಲ್ಲ.

ಹನುಮಕ್ಕ ಕೂಗಲಿಲ್ಲ. ಬೋರಲು ಹಾಕಿದ್ದ ಪಾತ್ರೆಯ ಮೇಲೆ ಮುದ್ದೆ ಕೋಲಿನಿಂದ ಟಣ್ ಟಣ್ ಎಂದು ಬಡಿದಳು. ದಿನಾ ಅವನನ್ನು ಊಟಕ್ಕೆ ಕರೆಯುವ ಸದ್ದು ಅದು. ಮೊದಲು ಕೆಂಚನ ಕಿವಿ ತಿರುಗಿತು, ಆಮೇಲೆ ಕೆಂಚನೇ ತಿರುಗಿ ಓಡಿಬಂದ. ಪ್ರಮೀಳಾ ಅವನ ಕುತ್ತಿಗೆಪಟ್ಟಿ ಹಿಡಿದು ಒಳಗೆಳೆದು ಚಿಲಕ ಹಾಕಿದಳು.

ಫೋನ್ ಮಾಡಿದ ಮೇಲೆ ಹಾವು ಹಿಡಿಯುವ ಮೋಹನ್‌ಕುಮಾರ್ ಬಂದು ಅದನ್ನು ಚೀಲಕ್ಕೆ ಸೇರಿಸಿದ. ಹನುಮಕ್ಕ ದೂರದಿಂದಲೇ ಕೈಮುಗಿದಳು.

“ಹೋಗಿ ಬಾರಪ್ಪ.”

“ಹೋಗು ಅನ್ನಿ ಸಾಕು ಅತ್ತೆ, ಬಾ ಅನ್ಬೇಡಿ!” ಎಂದಳು ಪ್ರಮೀಳಾ.

ಮೋಹನ್‌ಕುಮಾರ್ ನಗುತ್ತಲೇ ಹೇಳಿದ: “ಮಟ್ಟೆ ಒಳಗೆಲ್ಲಾ ಇಲಿ ಓಡಾಡ್ತವೆ ಅಮ್ಮ. ಅವು ಇರೋಗಂಟ ಇನ್ನೊಂದು ಹಾವು ಬಂದ್ರೂ ಬರ್ಬೋದು.”

ಸತ್ಯಮಂಗಲದ ಫ್ಯಾಕ್ಟರಿಯಿಂದ ಮಗ ನಾಗೇಶ್ ಬಂದವನು ಈ ಮಾತನ್ನೇ ಹಿಡಿದುಕೊಂಡ. “ಭಾನುವಾರ ಕೆಂಚನ್ನ ಮರಳೂರಿಗೆ, ಇಂಪನಾ ಮನೇಗೆ ಬಿಟ್ಟು ಬರ್ತೀನಿ. ಮೂರನೇ ಫ್ಲೋರಿಗೆ ಹಾವು ಬರಲ್ಲ.”

“ನಿನ್ ತಂಗಿ ಮನೇಲಿ ಅವನು ಬಾಲ ಅಲ್ಲಾಡ್ಸಕ್ಕೂ ಜಾಗ ಇಲ್ಲ ಕಣೋ.”

“ಬದುಕಿರ್ತಾನಲ್ಲವ್ವ.”



ಸಂಜೆ ಹನುಮಕ್ಕ ದೀಪ ಹಚ್ಚಿ, ಎಂದಿನಂತೆ ಕನ್ನಡಕ ಏರಿಸಿ ಪಾರಾಯಣಕ್ಕೆ ಕುಳಿತಳು. ಬಾಯಿ ಪದ್ಯ ಹೇಳುತ್ತಿತ್ತು, ಕಣ್ಣು ಕಿಟಕಿಯಾಚೆಗಿತ್ತು. ಮಟ್ಟೆ ರಾಶಿಯ ಪಕ್ಕ ಕೆಂಚನ ತಟ್ಟೆ ಇನ್ನೂ ಅಲ್ಲೇ ಇತ್ತು. ಅವನಿಗೆ ಒಂದು ಮುದ್ದೆ ಸಾಕು; ಇವಳು ಎರಡು ಹಾಕುವಳು. ಮಿಕ್ಕಿದ್ದನ್ನು ಎಸೆಯಲು ಮನಸ್ಸು ಬಾರದು, ಅನ್ನ ದೇವರು. ನಡುವೆ ಹಸಿವಾದರೆ ಇರಲಿ ಎಂದು ಹಾಗೇ ಬಿಟ್ಟಿರುವಳು. ನೋಡುತ್ತಿದ್ದಂತೆ ಒಂದು ಇಲಿ ಬಂದು ಮುದ್ದೆಯ ತುಣುಕು ಕಚ್ಚಿಕೊಂಡು ಮಟ್ಟೆಯೊಳಗೆ ನುಸುಳಿತು. ಹಿಂದೆಯೇ ಇನ್ನೊಂದು.

ಪದ್ಯ ಅರ್ಧಕ್ಕೇ ನಿಂತಿತು.

“ನಾಗೇಶಾ, ಬಾರೋ ಇಲ್ಲಿ. ಹಾವನ್ನ ಕರ್ದಿದ್ದು ನಾನೇ ಕಣೋ.”

ನಾಗೇಶ್ ಕಿಟಕಿಯಲ್ಲಿ ನಿಂತು ನೋಡಿದ. ನಗಬಾರದೆಂದುಕೊಂಡರೂ ನಗು ಬಂತು. “ಅವ್ವ, ಊರಿನ ಇಲಿಗೆಲ್ಲಾ ದಾಸೋಹ ನಡೆಸಿದೀಯಲ್ಲ!”

“ನಗು, ನಗು. ಭಾನುವಾರ ಮರಳೂರಿಗೆ ಹೋಗ್ಬೇಡ. ಟ್ರ್ಯಾಕ್ಟರ್ ತರ್ಸು.”

ಭಾನುವಾರ ನಾಗೇಶ್ ಗಂಬೂಟು ಹಾಕಿಕೊಂಡು, ಉದ್ದನೆಯ ಕೊಕ್ಕೆಯಿಂದ ಮಟ್ಟೆಯನ್ನು ದೂರದಿಂದಲೇ ಎಳೆದೆಳೆದು ಟ್ರ್ಯಾಕ್ಟರಿಗೆ ತುಂಬಿಸಿ ತೋಟದ ಆ ಕೊನೆಗೆ ಸಾಗಿಸಿದ. ಹುಲ್ಲು ಸವರಿಸಿದ, ಗೋಡೆಯ ಸಂದುಗಳಿಗೆ ಸಿಮೆಂಟು ಮೆತ್ತಿದ. ಒಳಗೆ ಕಟ್ಟಿಹಾಕಿದ್ದ ಕೆಂಚ ಬೆಳಗಿನಿಂದ ಸಂಜೆಯವರೆಗೂ ಎಲ್ಲರನ್ನೂ ಬೈದ.

“ಸದ್ಯಕ್ಕೆ ಇಲ್ಲೇ ಇರ್ಲಿ,” ಎಂದ ನಾಗೇಶ್. “ತೋಟಕ್ಕೆ ಹೋದ್ರೆ ಮಾತ್ರ ಹಗ್ಗದಲ್ಲೇ. ಇನ್ನೊಂದು ಇಲಿ ಕಂಡ್ರೆ ಮರಳೂರೇ.”

ಈಗ ಹನುಮಕ್ಕನ ಪಾರಾಯಣ ಹಿಂಬಾಗಿಲ ಮೆಟ್ಟಿಲ ಮೇಲೆ. ಪಕ್ಕದಲ್ಲಿ ಕೆಂಚ, ತಟ್ಟೆಯಲ್ಲಿ ಒಂದೇ ಮುದ್ದೆ.

“ನಂದು ಮುಗಿಯೋದ್ರೊಳಗೆ ನಿಂದೂ ಮುಗೀಬೇಕು ಕಣ್ಲಾ.”

ಅವನು ಚೂರು ಮಿಗಿಸಿ ಮುಖ ನೋಡಿದ. ಹನುಮಕ್ಕ ಪುಸ್ತಕಕ್ಕೆ ಬೆರಳಿಟ್ಟು, ಆ ಚೂರನ್ನು ಕೈಯಾರೆ ತಿನ್ನಿಸಿದಳು. ತಟ್ಟೆ ತೊಳೆದು ಒಳಗಿಟ್ಟು ಬಂದು ಪದ್ಯ ಮುಂದುವರಿಸಿದಳು.

ಒಳಗೆ ನಾಗೇಶ್ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದ: “ಇಲ್ಲ ಕಣೇ ಇಂಪು, ಕೆಂಚ ಬರಲ್ಲ. ಸಂಜೆ ಹೊತ್ತು ಅವ್ನಿಗೆ ಪಾರಾಯಣ ಕೇಳೋ ಕೆಲ್ಸ ಇದೆ.”